ಹಳೆ ಕಾರನ್ನು ಬಿಚ್ಚಿ ಕುಳಿತ ಹೆನ್ರಿ ರಾಯ್ಸ್

ರೋಲ್ಸ್ ರಾಯ್ಸ್ ಎಂಬ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆ ಕಾರನ್ನು ಕಣ್ಣಾರೆ ಕಾಣದವರೂ ಹೆಸರನ್ನು ಮಾತ್ರ ಬಲ್ಲರು. ರಾಜ ಮಹಾರಾಜರ ವಾಹನವೆಂದು, ಸಿರಿವಂತಿಕೆಯ ಕೊನೆಯ ಮೆಟ್ಟಿಲೆಂದು ಅದಕ್ಕೆ ಪ್ರಸಿದ್ಧಿ. ಆದರೆ ಆ ಜೋಡಿ ಹೆಸರಿನ ಎರಡನೆಯ ಭಾಗಕ್ಕೆ ಕಾರಣರಾದ ವ್ಯಕ್ತಿ ಹುಟ್ಟು ಸಿರಿವಂತರಲ್ಲ. ಬಾಲ್ಯದಲ್ಲಿ ಲಂಡನ್ನಿನ ಬೀದಿಗಳಲ್ಲಿ ಪತ್ರಿಕೆ ಮಾರಿ, ತಂತಿ ಸಂದೇಶ ಹಂಚಿ ಹೊಟ್ಟೆ ಹೊರೆದವರು. ಶಾಲೆಯಲ್ಲಿ ಕುಳಿತದ್ದು ಎಲ್ಲ ಸೇರಿಸಿದರೆ ಒಂದು ವರ್ಷದಷ್ಟು. ನಲವತ್ತರ ಅಂಚಿನಲ್ಲಿ ತಮಗಾಗಿ ಕೊಂಡ ಒಂದು ಹಳೆ ಕಾರು ಮನಸ್ಸಿಗೆ ಒಪ್ಪದೆ ಹೋದುದರಿಂದ ಅವರು ಅದನ್ನು ಬಿಚ್ಚಿ ಕುಳಿತರು. ಅಲ್ಲಿಂದ ಮುಂದಿನದು ಮೋಟಾರಿನ ಇತಿಹಾಸವಾಯಿತು.

ಮನೆಯಲ್ಲಿ ಒಂದು ಜೀಪನ್ನೋ ಹಳೆ ಕಾರನ್ನೋ, ಕೊನೆಗೆ ಅಡಿಕೆ ತೋಟಕ್ಕೆ ನೀರೆತ್ತುವ ಪಂಪಿನ ಎಂಜಿನನ್ನೋ ಇಟ್ಟುಕೊಂಡ ನಮ್ಮ ಓದುಗರಿಗೆ ಈ ಕತೆಯ ಒಳಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಂತ ಕೈಯಿಂದ ರಿಪೇರಿಗೆ ತೊಡಗಿದವನ ಪಾಡು ಎಲ್ಲ ಕಡೆಯೂ ಒಂದೇ. ಪ್ಲಗ್ ಬಿಚ್ಚಿ ಉಜ್ಜಿ ಹಾಕಿದರೂ ಎಂಜಿನ್ ಕೆಮ್ಮುತ್ತದೆ. ಕಾರ್ಬುರೇಟರ್ ತೊಳೆದು ಜೋಡಿಸಿದ ಮೇಲೆ ಒಂದು ಚಿಕ್ಕ ಸ್ಕ್ರೂ ಕೈಯಲ್ಲಿ ಉಳಿಯುತ್ತದೆ. ಒಂದು ಕಡೆ ಸೋರುವುದನ್ನು ನಿಲ್ಲಿಸಿದರೆ ಇನ್ನೊಂದು ಕಡೆ ಸೋರಲು ತೊಡಗುತ್ತದೆ. ಸಿಟ್ಟು ಬರುವುದು ಸಹಜ. ಹೆನ್ರಿ ರಾಯ್ಸರಿಗೂ ಬಂದಿತ್ತು. ಆ ಸಿಟ್ಟನ್ನು ಅವರು ಏನು ಮಾಡಿದರು, ಅದಕ್ಕೆ ಯಾವ ಬೆಲೆ ತೆತ್ತರು ಎಂಬುದನ್ನು ನಾವು ಇಲ್ಲಿ ಸಂಕ್ಷೇಪವಾಗಿ ತಿಳಿಸಬಯಸುತ್ತೇವೆ.

ಗಿರಣಿ ಮುಚ್ಚಿದ ಮೇಲೆ

ಫ್ರೆಡರಿಕ್ ಹೆನ್ರಿ ರಾಯ್ಸ್ ಹುಟ್ಟಿದ್ದು 1863ರ ಮಾರ್ಚ್ 27ರಂದು, ಇಂಗ್ಲೆಂಡಿನ ಪೀಟರ್‌ಬರೋ ನಗರಕ್ಕೆ ಸಮೀಪದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ತಂದೆ ಜೇಮ್ಸ್ ರಾಯ್ಸ್ ಗೇಣಿಗೆ ಪಡೆದ ಹಿಟ್ಟಿನ ಗಿರಣಿಯೊಂದನ್ನು ನಡೆಸುತ್ತಿದ್ದರು. ಐವರು ಮಕ್ಕಳಲ್ಲಿ ಹೆನ್ರಿಯೇ ಕಿರಿಯವರು. ಗಿರಣಿಯ ವ್ಯವಹಾರ ಕೈಹಿಡಿಯಲಿಲ್ಲ. ಸಂಸಾರ ಲಂಡನ್ನಿಗೆ ಗುಳೆ ಹೋಯಿತು. 1872ರಲ್ಲಿ ತಂದೆ ತೀರಿಕೊಂಡರು. ಆಗ ಹುಡುಗನಿಗೆ ಒಂಬತ್ತು ವರ್ಷ.

ತಂದೆಯಿಲ್ಲದ ಮನೆಯ ಮಕ್ಕಳು ಬೇಗ ದೊಡ್ಡವರಾಗಬೇಕಾಗುತ್ತದೆ. ಹೆನ್ರಿ ಡಬ್ಲ್ಯು.ಎಚ್. ಸ್ಮಿತ್ ಎಂಬ ಅಂಗಡಿಯವರ ಪರವಾಗಿ ಪತ್ರಿಕೆ ಮಾರಿದ. ಬಳಿಕ ಅಂಚೆ ಕಚೇರಿಯಲ್ಲಿ ತಂತಿ ಹಂಚುವ ಹುಡುಗನಾದ. ಮುಂದೆ ಅವರ ಪಾಲುಗಾರರಾದ ಚಾರ್ಲ್ಸ್ ರೋಲ್ಸ್ 1877ರಲ್ಲಿ ಲಂಡನ್ನಿನ ಶ್ರೀಮಂತರ ಬೀದಿಯೊಂದರಲ್ಲಿ ಹುಟ್ಟಿದಾಗ, ಆ ಮನೆಗೆ ಅಭಿನಂದನೆಯ ತಂತಿಗಳನ್ನು ತಂದುಕೊಟ್ಟವನು ಈ ಹುಡುಗನೇ ಎಂದು ಹೇಳುವುದುಂಟು. ಅದನ್ನು ಒಂದು ಚೆಂದದ ಕತೆ ಎಂದಷ್ಟೇ ಭಾವಿಸುವುದು ಒಳಿತು. ಹೊಟ್ಟೆ ತುಂಬ ಊಟವಿಲ್ಲದ ಆ ವರ್ಷಗಳು ಅವರ ದೇಹವನ್ನು ಕೊನೆಯವರೆಗೂ ಕಾಡಿದವು ಎಂಬುದು ಮಾತ್ರ ಕತೆಯಲ್ಲ.

ಹಿತ್ತಲಿನ ಲೇತು

ಹದಿನೈದನೆಯ ವಯಸ್ಸಿನಲ್ಲಿ, ಅಂದರೆ 1878ರಲ್ಲಿ, ಅದೃಷ್ಟ ಸ್ವಲ್ಪ ಕಣ್ತೆರೆಯಿತು. ಸೋದರತ್ತೆ ವರ್ಷಕ್ಕೆ ಇಪ್ಪತ್ತು ಪೌಂಡು ಕೊಡಲು ಒಪ್ಪಿದ್ದರಿಂದ ಪೀಟರ್‌ಬರೋದ ಗ್ರೇಟ್ ನಾರ್ದರ್ನ್ ರೈಲ್ವೆಯ ಕಾರ್ಯಾಗಾರದಲ್ಲಿ ಕೆಲಸ ಕಲಿಯಲು ಸೇರಿಕೊಂಡರು. ಅಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ಅವರು ಕಲಿತದ್ದು ತಾವು ಬಾಡಿಗೆಗಿದ್ದ ಮನೆಯ ಹಿತ್ತಲಿನಲ್ಲಿ ಎಂದರೆ ತಪ್ಪಾಗದು. ಮನೆಯ ಯಜಮಾನ ಯಾರೋ ಎಂಬವರು ಹಿತ್ತಲ ಕೊಟ್ಟಿಗೆಯಲ್ಲಿ ಒಂದು ಲೇತನ್ನೂ ಕೆಲವು ಹತ್ಯಾರುಗಳನ್ನೂ ಇಟ್ಟುಕೊಂಡಿದ್ದರು. ಸಂಜೆ ಕೆಲಸ ಮುಗಿಸಿ ಬಂದ ಹುಡುಗ ಅಲ್ಲಿ ಲೇತು ತಿರುಗಿಸಲು, ಅರ ಹಿಡಿದು ಉಜ್ಜಲು, ಲೋಹವನ್ನು ಕೂದಲೆಳೆಯಷ್ಟು ನಿಖರವಾಗಿ ಹೊಂದಿಸಲು ಕಲಿತ. ಮುಂದೆ ನೂರಾರು ಜನರ ಕಾರ್ಖಾನೆಗೆ ಒಡೆಯರಾದರೂ, ಕೆಲಸಗಾರನ ಕೈಯಿಂದ ಅರವನ್ನು ತೆಗೆದುಕೊಂಡು ಹೀಗೆ ಮಾಡಬೇಕು ಎಂದು ತೋರಿಸುವ ಸಾಮರ್ಥ್ಯ ಅವರಿಗೆ ಬಂದದ್ದು ಆ ಕೊಟ್ಟಿಗೆಯಿಂದ.

ಮೂರು ವರ್ಷಗಳಲ್ಲಿ ಅತ್ತೆಯ ಹಣವೂ ಮುಗಿಯಿತು, ಕಲಿಕೆಯೂ ಅರ್ಧಕ್ಕೆ ನಿಂತಿತು. ಲೀಡ್ಸ್ ನಗರದ ಹತ್ಯಾರು ತಯಾರಿಸುವ ಕಾರ್ಖಾನೆಯಲ್ಲಿ ವಾರಕ್ಕೆ 54 ಗಂಟೆ ದುಡಿದು 11 ಶಿಲಿಂಗ್ ಪಡೆದರು. ಅಲ್ಲಿಂದ ಲಂಡನ್ನಿಗೆ ಬಂದು ಆಗತಾನೇ ತಲೆಯೆತ್ತುತ್ತಿದ್ದ ವಿದ್ಯುದ್ದೀಪದ ಕಂಪೆನಿಯೊಂದನ್ನು ಸೇರಿದರು. ಹಗಲು ಕೆಲಸ, ಸಂಜೆ ತರಗತಿ. ಶಾಲೆ ಕೊಡದ ವಿದ್ಯೆಯನ್ನು ಹೀಗೆ ತಾವೇ ದುಡಿದು ಗಳಿಸಿದರು. 1882ರಲ್ಲಿ ಕಂಪೆನಿ ಅವರನ್ನು ಲಿವರ್‌ಪೂಲಿಗೆ ಕಳುಹಿಸಿತು. ಬೀದಿಗಳಿಗೂ ನಾಟಕಶಾಲೆಗಳಿಗೂ ವಿದ್ಯುದ್ದೀಪ ಅಳವಡಿಸುವುದು ಅಲ್ಲಿ ಅವರ ಕೆಲಸ. ಸ್ವಲ್ಪ ಕಾಲದಲ್ಲೇ ಆ ಕೆಲಸವೂ ಇಲ್ಲದಾಯಿತು.

ಕುಕ್ ಸ್ಟ್ರೀಟಿನ ಕೋಣೆ

1884ರಲ್ಲಿ ರಾಯ್ಸರ ಕೈಯಲ್ಲಿದ್ದ ಉಳಿತಾಯ 20 ಪೌಂಡು. ಗೆಳೆಯ ಅರ್ನೆಸ್ಟ್ ಕ್ಲೇರ್ಮಾಂಟರ ಬಳಿ 50 ಪೌಂಡು. ಇವೆರಡನ್ನೂ ಕೂಡಿಸಿ ಮ್ಯಾಂಚೆಸ್ಟರಿನ ಹ್ಯೂಮ್ ಪ್ರದೇಶದ ಕುಕ್ ಸ್ಟ್ರೀಟಿನಲ್ಲಿ ಒಂದು ಸಣ್ಣ ಕಾರ್ಯಾಗಾರ ತೆರೆದರು. ಮನೆಗಳಿಗೆ ಬೇಕಾದ ವಿದ್ಯುತ್ ಗಂಟೆ, ದೀಪದ ಹೋಲ್ಡರ್ ಮುಂತಾದ ಚಿಲ್ಲರೆ ಸಾಮಾನುಗಳ ತಯಾರಿ. ಕಾರ್ಯಾಗಾರದ ಮೇಲಿನ ಕೋಣೆಯಲ್ಲೇ ಇಬ್ಬರ ವಾಸ. ಕೆಲಸಕ್ಕೆ ಬಳಸುವ ಒಲೆಯ ಮೇಲೆಯೇ ಅಡಿಗೆ.

ನಮ್ಮ ಮನೆಗಳಲ್ಲಿ ಬಲ್ಬನ್ನು ಒತ್ತಿ ತಿರುಗಿಸಿ ಸಿಕ್ಕಿಸುವ ಎರಡು ಮೊಳೆಯ ಹೋಲ್ಡರನ್ನು ಎಲ್ಲರೂ ನೋಡಿದ್ದಾರೆ. ಅಂಥ ಹೋಲ್ಡರಿನಲ್ಲಿ ತಾವು ಮಾಡಿದ ಸುಧಾರಣೆಗೆ ರಾಯ್ಸರು 1897ರಲ್ಲಿ ಪೇಟೆಂಟ್ ಪಡೆದಿದ್ದರು. ಇದು ಅವರ ಸ್ವಭಾವಕ್ಕೆ ಒಂದು ನಿದರ್ಶನ. ಹೊಸದೇನನ್ನಾದರೂ ಕಂಡುಹಿಡಿದು ಜಗತ್ತನ್ನು ಬೆರಗುಗೊಳಿಸುವ ಹಂಬಲ ಅವರದಲ್ಲ. ಇರುವ ವಸ್ತುವಿನಲ್ಲಿ ಎಲ್ಲಿ ಕೊರತೆಯಿದೆಯೋ ಅದನ್ನು ಹುಡುಕಿ ಸರಿಪಡಿಸುವುದೇ ಅವರ ಗೀಳು. ಕ್ರಮೇಣ ಡೈನಮೋ, ವಿದ್ಯುತ್ ಮೋಟಾರ್, ಭಾರ ಎತ್ತುವ ಕ್ರೇನುಗಳ ತಯಾರಿ ಆರಂಭವಾಯಿತು. ರಾಯ್ಸ್ ಕ್ರೇನುಗಳಿಗೆ ಒಳ್ಳೆಯ ಹೆಸರು ಬಂತು. 1893ರಲ್ಲಿ ಮಿನ್ನಿ ಪಂಟ್ ಎಂಬವರೊಂದಿಗೆ ವಿವಾಹವಾಯಿತು. ಅವರ ಸಹೋದರಿಯನ್ನು ಕ್ಲೇರ್ಮಾಂಟ್ ವರಿಸಿದರು. 1898ರ ಹೊತ್ತಿಗೆ ರಾಯ್ಸರು ಮ್ಯಾಂಚೆಸ್ಟರಿನಿಂದ ಹದಿನೈದು ಮೈಲು ದೂರದ ನಟ್ಸ್‌ಫರ್ಡಿನಲ್ಲಿ ಮನೆ ಕಟ್ಟಿಸಿದರು. ಹೂಗಿಡಗಳೆಂದರೆ ಪ್ರಾಣ. ಆದರೆ ಹಗಲು ಬಿಡುವಿಲ್ಲ. ಆದುದರಿಂದ ತೋಟದಲ್ಲಿ ವಿದ್ಯುದ್ದೀಪ ಹಾಕಿಸಿ ರಾತ್ರಿ ಹೊತ್ತು ಗಿಡಗಳ ಬುಡ ಬಿಡಿಸುತ್ತಿದ್ದರಂತೆ.

ಅಷ್ಟರಲ್ಲಿ ಕಾಲ ತಿರುಗಿತು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ತರುವಾಯ ವ್ಯಾಪಾರ ಇಳಿಮುಖವಾಯಿತು. ಜರ್ಮನಿ ಮತ್ತು ಅಮೆರಿಕದಿಂದ ಅಗ್ಗದ ಕ್ರೇನುಗಳೂ ಡೈನಮೋಗಳೂ ಬಂದು ಪೇಟೆಯನ್ನು ತುಂಬಿದವು. ಬೆಲೆ ಇಳಿಸಲು ಗುಣವನ್ನೂ ಇಳಿಸಬೇಕು ಎಂಬ ಸಲಹೆಗೆ ರಾಯ್ಸರು ಕಿವಿಗೊಡಲಿಲ್ಲ. ಚಿಂತೆ ಮತ್ತು ಅತಿ ದುಡಿಮೆಯಿಂದ 1902ರಲ್ಲಿ ಅವರ ಆರೋಗ್ಯ ಕುಸಿಯಿತು. ವೈದ್ಯರ ಒತ್ತಾಯಕ್ಕೆ ಮಣಿದು ಪತ್ನಿಯ ಬಂಧುಗಳಿದ್ದ ದಕ್ಷಿಣ ಆಫ್ರಿಕಕ್ಕೆ ವಿಶ್ರಾಂತಿಗಾಗಿ ಹೋಗಿಬಂದರು.

ಮನೆಗೆ ಬಂದ ಹಳೆ ಕಾರು

ರಾಯ್ಸರಿಗೆ ಮೋಟಾರಿನ ಹುಚ್ಚು ಹಿಡಿದದ್ದು ಈ ವರ್ಷಗಳಲ್ಲೇ. 1901ರಲ್ಲಿ ದ ದಿಯೋಂ ಎಂಬ ಫ್ರೆಂಚ್ ಕಂಪೆನಿಯ ಪುಟ್ಟ ಗಾಡಿಯೊಂದನ್ನು ಕೊಂಡಿದ್ದರು. ಮುಂದೆ 1902ರ ಕೊನೆಗೋ 1903ರ ಆದಿಗೋ ದೆಕೊವಿಲ್ ಎಂಬ ಇನ್ನೊಂದು ಫ್ರೆಂಚ್ ಕಾರನ್ನು, ಬಳಸಿದ್ದನ್ನೇ, ಖರೀದಿಸಿದರು. ಎರಡು ಸಿಲಿಂಡರಿನ ಎಂಜಿನ್ ಅದರದು.

ಅಂದಿನ ಕಾರು ಇಟ್ಟುಕೊಂಡವರ ಕಷ್ಟವನ್ನು ನಾವು ಇಂದು ಊಹಿಸಿಕೊಳ್ಳುವುದು ಸುಲಭವಲ್ಲ. ಗ್ಯಾರೇಜು ಎಂಬುದು ಅಪರೂಪ. ಪೆಟ್ರೋಲ್ ಬಂಕ್ ಇಲ್ಲ. ಡಬ್ಬಿಯಲ್ಲಿ ತುಂಬಿದ ಪೆಟ್ರೋಲನ್ನು ಅಂಗಡಿಯಿಂದ ತರಬೇಕು. ಎಂಜಿನನ್ನು ಹ್ಯಾಂಡಲ್ ಹಾಕಿ ತಿರುಗಿಸಬೇಕು. ಕೈ ತಪ್ಪಿದರೆ ಮಣಿಕಟ್ಟು ಮುರಿಯುವ ಭಯ. ರಸ್ತೆ ತುಂಬ ಕುದುರೆ ಲಾಳದ ಮೊಳೆಗಳು, ಹೆಜ್ಜೆಗೊಂದು ಪಂಕ್ಚರ್. ಬ್ಯಾಟರಿಯ ಶಕ್ತಿ ಇಳಿದರೆ ಕಿಡಿಯಿಲ್ಲ, ಕಿಡಿಯಿಲ್ಲದಿದ್ದರೆ ಎಂಜಿನ್ ಇಲ್ಲ. ಕಾರಿನ ಒಡೆಯನೇ ಮೆಕ್ಯಾನಿಕನೂ ಆಗಬೇಕು, ಇಲ್ಲವೇ ಸಂಬಳ ಕೊಟ್ಟು ಒಬ್ಬನನ್ನು ಇಟ್ಟುಕೊಳ್ಳಬೇಕು. ಹೊರಟ ಗಾಡಿ ತಲುಪಿದರೆ ಅದೇ ಸುದ್ದಿ.

ದೆಕೊವಿಲ್ ಕಾರು ರೈಲಿನಲ್ಲಿ ಮ್ಯಾಂಚೆಸ್ಟರಿಗೆ ಬಂದಿಳಿದಾಗ ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲವೆಂದೂ, ಜನ ಸೇರಿ ಅದನ್ನು ಕುಕ್ ಸ್ಟ್ರೀಟಿನವರೆಗೆ ದೂಡಿಕೊಂಡು ಹೋಗಬೇಕಾಯಿತೆಂದೂ ಒಂದು ಕತೆ ಪ್ರಚಲಿತವಾಗಿದೆ. ಕತೆ ನಿಜವಿರಲಿ ಇಲ್ಲದಿರಲಿ, ಆ ಕಾಲದ ಅಳತೆಯಲ್ಲಿ ದೆಕೊವಿಲ್ ಕೆಟ್ಟ ಕಾರೇನೂ ಆಗಿರಲಿಲ್ಲ. ಬೇರೆಯವರು ಅದರಲ್ಲಿ ತೃಪ್ತಿಯಿಂದಲೇ ತಿರುಗಾಡುತ್ತಿದ್ದರು. ಗದ್ದಲ, ನಡುಕ, ಮೊಂಡುತನ ಎಲ್ಲವೂ ಮೋಟಾರಿನ ಹುಟ್ಟುಗುಣವೆಂದು ಜನ ಒಪ್ಪಿಕೊಂಡಿದ್ದರು. ಒಪ್ಪದವರು ರಾಯ್ಸರು.

ಬಿಚ್ಚಿ ನೋಡಿದ ಮೇಲೆ

ಸಿಟ್ಟು ಬಂದಾಗ ನಮ್ಮಲ್ಲಿ ಹೆಚ್ಚಿನವರು ಮಾಡುವ ಕೆಲಸ ಎರಡು. ಒಂದು, ಯಂತ್ರವನ್ನೂ ಅದನ್ನು ಮಾರಿದವನನ್ನೂ ಬಯ್ಯುವುದು. ಎರಡು, ಹೇಗೋ ಒಮ್ಮೆ ಓಡಿದರೆ ಸಾಕೆಂದು ದಾರವೋ ತಂತಿಯೋ ಕಟ್ಟಿ ತಾತ್ಕಾಲಿಕವಾಗಿ ಸುಧಾರಿಸುವುದು. ರಾಯ್ಸರು ಇವೆರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿದರು. ಕಾರನ್ನು ಪೂರ್ತಿ ಬಿಚ್ಚಿದರು. ಒಂದೊಂದು ಭಾಗವನ್ನೂ ಎತ್ತಿಕೊಂಡು, ಇದು ಮಾಡಬೇಕಾದ ಕೆಲಸವೇನು, ಅದನ್ನು ಸರಿಯಾಗಿ ಮಾಡುತ್ತಿದೆಯೇ, ಇಲ್ಲವಾದರೆ ಏಕೆ ಎಂದು ಪರೀಕ್ಷಿಸಿದರು.

ಆ ಕಾಲದ ಕಾರುಗಳ ದೊಡ್ಡ ರೋಗ ಕಿಡಿಯದ್ದು. ಎಂಜಿನಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣಕ್ಕೆ ಬೆಂಕಿ ಕೊಡುವ ವಿದ್ಯುತ್ ಕಿಡಿ ಹೊತ್ತಿಗೆ ಸರಿಯಾಗಿ ಬೀಳಬೇಕು. ಸಂಪರ್ಕದ ತುದಿಗಳು ಸುಟ್ಟು ಕಪ್ಪಾದರೆ, ತಂತಿ ಸಡಿಲವಾದರೆ ಕಿಡಿ ತಪ್ಪುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಇಪ್ಪತ್ತು ವರ್ಷ ವಿದ್ಯುತ್ ಸಾಮಾನುಗಳನ್ನೇ ತಯಾರಿಸಿದ ರಾಯ್ಸರಿಗೆ ಈ ದೋಷ ಅಂಗೈಯ ನೆಲ್ಲಿಯಂತೆ ಕಂಡಿತು. ಎರಡನೆಯ ರೋಗ ಕಾರ್ಬುರೇಟರಿನದು. ಎಂಜಿನ್ ನಿಧಾನ ತಿರುಗುವಾಗ ಒಂದು ಪ್ರಮಾಣ, ವೇಗವಾಗಿ ತಿರುಗುವಾಗ ಇನ್ನೊಂದು ಪ್ರಮಾಣದ ಪೆಟ್ರೋಲು ಬೇಕು. ಅಂದಿನ ಕಾರ್ಬುರೇಟರುಗಳಿಗೆ ಈ ವಿವೇಕ ಕಡಿಮೆ. ಮೂರನೆಯದು ನಡುಕ. ತಿರುಗುವ ಭಾಗಗಳ ತೂಕ ಸಮನಾಗಿಲ್ಲದಿದ್ದರೆ ಯಂತ್ರ ತನ್ನನ್ನು ತಾನೇ ಅಲುಗಿಸಿಕೊಂಡು ತನ್ನ ನಟ್ಟು ಬೋಲ್ಟುಗಳನ್ನು ತಾನೇ ಸಡಿಲಿಸಿಕೊಳ್ಳುತ್ತದೆ. ಮನೆಯಲ್ಲಿ ಎಷ್ಟು ಬಾರಿ ಬಿಗಿಮಾಡಿದರೂ ನಟ್ಟು ಮತ್ತೆ ಸಡಿಲವಾಗುವುದೇಕೆ ಎಂದು ತಲೆ ಕೆರೆದುಕೊಂಡವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ತಪ್ಪು ನಟ್ಟಿನದಲ್ಲ, ನಡುಕದ್ದು.

ರಾಯ್ಸರು ಮೊದಲು ದೆಕೊವಿಲ್ ಕಾರಿನಲ್ಲಿಯೇ ಸುಧಾರಣೆಗಳನ್ನು ಮಾಡಿದರು. ಆದರೂ ಸಮಾಧಾನವಾಗಲಿಲ್ಲ. ತೇಪೆ ಹಾಕುವುದಕ್ಕೂ ಒಂದು ಮಿತಿಯುಂಟು. ಆಗ ಮೂಡಿದ್ದು ತಾನೇ ಒಂದು ಕಾರನ್ನು ಕಟ್ಟಬೇಕೆಂಬ ಸಂಕಲ್ಪ.

ಮೂರು ಕಾರುಗಳು

ಕುಕ್ ಸ್ಟ್ರೀಟಿನ ಕಾರ್ಖಾನೆಯ ಒಂದು ಮೂಲೆಯಲ್ಲಿ ಕೆಲಸ ಆರಂಭವಾಯಿತು. ಪ್ಲಾಟ್‌ಫರ್ಡ್ ಮತ್ತು ಹಾಲ್ಡೆನ್‌ಬಿ ಎಂಬ ಇಬ್ಬರು ತರುಣ ಕಲಿಕೆಗಾರರು ಜೊತೆಗೆ ನಿಂತರು. ಕ್ರೇನಿನ ವ್ಯಾಪಾರವೇ ಕುಂಟುತ್ತಿರುವಾಗ ಈ ಹೊಸ ಹುಚ್ಚು ಏಕೆ ಎಂದು ಪಾಲುಗಾರ ಕ್ಲೇರ್ಮಾಂಟರಿಗೆ ಸಂಶಯ. ಲೆಕ್ಕ ನೋಡುವವರಿಗೆ ಅದು ಸಹಜ. ರಾಯ್ಸರಿಗೆ ಮಾತ್ರ ಹಗಲು ರಾತ್ರಿಗಳ ಪರಿವೆ ಇರಲಿಲ್ಲ. ಊಟ ಮರೆತ ಯಜಮಾನನ ಹಿಂದೆ ಹಾಲಿನ ಲೋಟ ಹಿಡಿದು ಒಬ್ಬ ಹುಡುಗನನ್ನು ಅಟ್ಟಬೇಕಾಗುತ್ತಿತ್ತು ಎಂದು ಹೇಳುತ್ತಾರೆ.

1904ರ ಏಪ್ರಿಲ್ 1ರಂದು ಮೊದಲ ರಾಯ್ಸ್ ಕಾರು ಕಾರ್ಖಾನೆಯ ಬಾಗಿಲಿನಿಂದ ಹೊರಬಂತು. ರಾಯ್ಸರು ಅದನ್ನು ಸ್ವತಃ ನಡೆಸಿಕೊಂಡು ನಟ್ಸ್‌ಫರ್ಡಿನ ತಮ್ಮ ಮನೆಗೆ ಹೋದರು. ಹತ್ತು ಅಶ್ವಶಕ್ತಿಯ, ಎರಡೇ ಸಿಲಿಂಡರಿನ ಸಾಧಾರಣ ಗಾತ್ರದ ಕಾರು. ಕಣ್ಣಿಗೆ ಹೊಸದೆನ್ನುವಂಥದ್ದು ಏನೂ ಇಲ್ಲ. ಹೊಸತನವಿದ್ದದ್ದು ಕಿವಿಗೆ. ಎರಡು ಸಿಲಿಂಡರಿನ ಎಂಜಿನ್ ಇಷ್ಟು ಮೃದುವಾಗಿ, ಇಷ್ಟು ಕಡಿಮೆ ಸದ್ದಿನಲ್ಲಿ ಓಡಬಲ್ಲುದೆಂದು ಯಾರೂ ನಂಬಿರಲಿಲ್ಲ. ಅಂಥ ಮೂರು ಕಾರುಗಳು ತಯಾರಾದವು. ಒಂದು ರಾಯ್ಸರಲ್ಲಿ ಉಳಿಯಿತು. ಒಂದು ಕ್ಲೇರ್ಮಾಂಟರಿಗೆ ಹೋಯಿತು. ಇನ್ನೊಂದನ್ನು ಕಂಪೆನಿಯ ನಿರ್ದೇಶಕರಾಗಿದ್ದ ಹೆನ್ರಿ ಎಡ್ಮಂಡ್ಸ್ ಕೊಂಡರು.

ಈ ಎಡ್ಮಂಡ್ಸರೇ ಸಂಬಂಧ ಕುದುರಿಸಿದ ದಲ್ಲಾಳಿ. ಅವರ ಮಿತ್ರ ಚಾರ್ಲ್ಸ್ ರೋಲ್ಸ್ ಒಬ್ಬ ಪ್ರಭುವಿನ ಮಗ, ಕೇಂಬ್ರಿಜಿನಲ್ಲಿ ಓದಿದವರು, ಸಾಹಸಿ. ಲಂಡನ್ನಿನಲ್ಲಿ ವಿದೇಶೀ ಕಾರುಗಳನ್ನು ಮಾರುತ್ತಿದ್ದರು. ತಮ್ಮ ದೇಶದ್ದೇ ಆದ ಒಂದು ಉತ್ತಮ ಕಾರು ಸಿಗಬಾರದೇ ಎಂಬ ಕೊರಗು ಅವರದು. ಎಡ್ಮಂಡ್ಸರ ಒತ್ತಾಯದಿಂದ 1904ರ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಇಬ್ಬರೂ ಭೇಟಿಯಾದರು. ಗಿರಣಿಯವನ ಮಗನಿಗೆ ನಲವತ್ತೊಂದು, ಪ್ರಭುವಿನ ಮಗನಿಗೆ ಇಪ್ಪತ್ತಾರು. ಎರಡು ಸಿಲಿಂಡರಿನ ಕಾರೆಂದರೆ ಮೂಗು ಮುರಿಯುತ್ತಿದ್ದ ರೋಲ್ಸ್, ರಾಯ್ಸ್ ಕಾರಿನಲ್ಲಿ ಕುಳಿತ ಮೇಲೆ ಮಾತು ಬದಲಿಸಿದರು. ರಾಯ್ಸ್ ತಯಾರಿಸುವ ಎಲ್ಲ ಕಾರುಗಳನ್ನೂ ರೋಲ್ಸ್ ಮಾರಬೇಕು, ಅವುಗಳಿಗೆ ಇಬ್ಬರ ಹೆಸರೂ ಇರಬೇಕು ಎಂದು ಅದೇ ಡಿಸೆಂಬರಿನಲ್ಲಿ ಒಪ್ಪಂದವಾಯಿತು. 1906ರ ಮಾರ್ಚ್ 15ರಂದು ರೋಲ್ಸ್ ರಾಯ್ಸ್ ಕಂಪೆನಿ ವಿಧ್ಯುಕ್ತವಾಗಿ ಸ್ಥಾಪನೆಗೊಂಡಿತು.

ಇಪ್ಪತ್ತನಾಲ್ಕು ಸಾವಿರ ಕಿಲೋಮೀಟರು

ಕಂಪೆನಿಯ ಆಡಳಿತ ನೋಡಿಕೊಳ್ಳುತ್ತಿದ್ದ ಕ್ಲಾಡ್ ಜಾನ್ಸನ್ ಪ್ರಚಾರದಲ್ಲಿ ನಿಪುಣರು. 1907ರಲ್ಲಿ ಆರು ಸಿಲಿಂಡರಿನ ಹೊಸ ಕಾರೊಂದಕ್ಕೆ ಬೆಳ್ಳಿಯ ಬಣ್ಣ ಬಳಿಸಿ, ಸಿಲ್ವರ್ ಗೋಸ್ಟ್ ಎಂದು ಹೆಸರಿಟ್ಟು, ಸಾರ್ವಜನಿಕ ಪರೀಕ್ಷೆಗೆ ಒಡ್ಡಿದರು. ಲಂಡನ್ ಮತ್ತು ಗ್ಲ್ಯಾಸ್ಗೋ ನಗರಗಳ ನಡುವೆ ಹಗಲಿರುಳೂ ಓಡಾಟ. ಭಾನುವಾರ ಮಾತ್ರ ವಿರಾಮ. ರಾಯಲ್ ಆಟೋಮೊಬೈಲ್ ಕ್ಲಬ್ಬಿನ ವೀಕ್ಷಕರು ಕಾರಿನಲ್ಲೇ ಕುಳಿತಿರುತ್ತಿದ್ದರು. ಹೀಗೆ 15,000 ಮೈಲು, ಅಂದರೆ ಸುಮಾರು 24,000 ಕಿಲೋಮೀಟರು ಓಡಿಸಲಾಯಿತು. ಆರಂಭದಲ್ಲಿ ಒಮ್ಮೆ ಪೆಟ್ರೋಲಿನ ತಿರುಪು ಅಲುಗಾಟಕ್ಕೆ ತಾನಾಗಿ ಮುಚ್ಚಿಕೊಂಡು ಕಾರು ನಿಂತಿತು. ಆಮೇಲೆ ಯಂತ್ರದೋಷದಿಂದ ನಿಂತದ್ದಿಲ್ಲ. ಪರೀಕ್ಷೆ ಮುಗಿದ ಬಳಿಕ ಕ್ಲಬ್ಬಿನವರು ಕಾರನ್ನು ಬಿಚ್ಚಿ ಸವೆದ ಭಾಗಗಳನ್ನು ಅಳೆದು ನೋಡಿದರು. ಅದನ್ನು ಮತ್ತೆ ಹೊಸದರಂತೆ ಮಾಡಲು ಬೇಕಾದ ಬಿಡಿಭಾಗಗಳ ಬೆಲೆ ಎರಡು ಪೌಂಡು ಚಿಲ್ಲರೆ!

ಹಳೆ ದೆಕೊವಿಲ್ ಕಾರನ್ನು ಬಿಚ್ಚಿ ನೋಡಿದವರ ಕಾರನ್ನು ಈಗ ಬೇರೆಯವರು ಬಿಚ್ಚಿ ನೋಡಿದರು. ಒಳಗೆ ನಾಚಿಕೆಪಡುವಂಥದ್ದು ಏನೂ ಸಿಗಲಿಲ್ಲ. ಚಾಸಿಸ್ಸಿನ ಭಾಗಗಳನ್ನು ಸುಲಭದ ರಿವೆಟ್ಟಿನಿಂದ ಜೋಡಿಸುವ ಬದಲು, ರಂಧ್ರವನ್ನು ಅಳತೆಗೆ ಕೊರೆದು, ಅದಕ್ಕೆ ಸರಿಹೊಂದುವ ಮೊನಚಿನ ಬೋಲ್ಟನ್ನು ಕೂಡಿಸಬೇಕೆಂದು ರಾಯ್ಸರು ಹಟ ಹಿಡಿಯುತ್ತಿದ್ದರು. ಹೆಚ್ಚು ಹೊತ್ತು ಹಿಡಿಯುವ, ಹೆಚ್ಚು ಹಣ ಬೇಡುವ ಕೆಲಸ. ಆದರೆ ಮತ್ತೆ ಮತ್ತೆ ಬಿಗಿಮಾಡುವ ತಾಪತ್ರಯ ಇಲ್ಲ.

ತೆತ್ತ ಬೆಲೆ

ಇಲ್ಲಿಗೆ ಕತೆಯನ್ನು ನಿಲ್ಲಿಸಿದರೆ ಅದು ಕೇವಲ ಯಶಸ್ಸಿನ ಕತೆಯಾದೀತು. ನಾವು ಇನ್ನೊಂದು ಮುಖವನ್ನೂ ಹೇಳಬೇಕಾಗಿದೆ.

ಯಾವ ಅತೃಪ್ತಿ ರಾಯ್ಸರನ್ನು ದೊಡ್ಡವರನ್ನಾಗಿ ಮಾಡಿತೋ ಅದೇ ಅತೃಪ್ತಿ ಅವರ ದೇಹವನ್ನೂ ಮನೆಯನ್ನೂ ಸವೆಸಿತು. 1908ರಲ್ಲಿ ಕಾರ್ಖಾನೆ ಡರ್ಬಿ ನಗರಕ್ಕೆ ವರ್ಗವಾಯಿತು. ಅದರ ಪ್ರತಿಯೊಂದು ವಿವರವನ್ನೂ ರಾಯ್ಸರೇ ನೋಡಿಕೊಂಡರು. 1910ರ ಜುಲೈ 12ರಂದು ಬೋರ್ನ್‌ಮತ್‌ನಲ್ಲಿ ನಡೆದ ವಿಮಾನ ಅಪಘಾತದಲ್ಲಿ ರೋಲ್ಸ್ ಮಡಿದರು. ಅವರಿಗೆ ಮೂವತ್ತಮೂರೂ ತುಂಬಿರಲಿಲ್ಲ. ಮರುವರ್ಷ ರಾಯ್ಸರು ಹಾಸಿಗೆ ಹಿಡಿದರು. 1912ರಲ್ಲಿ ಕರುಳಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಇನ್ನು ಕೆಲವೇ ತಿಂಗಳು ಎಂದರು ವೈದ್ಯರು. ಅದೇ ವರ್ಷ ಪತಿಪತ್ನಿಯರು ಬೇರೆಯಾದರು. ಸ್ವಂತ ಮಕ್ಕಳಿರಲಿಲ್ಲ.

ಯಂತ್ರದಲ್ಲಿ ಸಣ್ಣ ಸದ್ದು ಕೇಳಿದರೂ ನಿಲ್ಲಿಸಿ ಬಿಚ್ಚಿ ನೋಡುತ್ತಿದ್ದವರು ತಮ್ಮ ದೇಹದ ಸದ್ದನ್ನು ಮಾತ್ರ ವರ್ಷಗಟ್ಟಲೆ ಕೇಳಿಸಿಕೊಳ್ಳಲಿಲ್ಲ. ಹೊತ್ತಿಗೆ ಸರಿಯಾಗಿ ಎಣ್ಣೆ ಹಾಕದಿದ್ದರೆ ಎಂಜಿನ್ ಕೆಡುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಊಟ, ನಿದ್ದೆ, ಸಂಸಾರ ಇವುಗಳನ್ನು ನಾಳೆಗೆ ತಳ್ಳುತ್ತಲೇ ಹೋದರು. ಕೆಲಸದಲ್ಲಿ ಮುಳುಗಿದ ಅನೇಕ ಗಂಡಸರ ಕತೆ ಇದೇ. ದೊಡ್ಡವರೆಂಬ ಕಾರಣಕ್ಕೆ ಇದನ್ನು ಮುಚ್ಚಿಡಬೇಕಾಗಿಲ್ಲ.

ಕ್ಲಾಡ್ ಜಾನ್ಸನ್ ಅವರನ್ನು ಕಾರ್ಖಾನೆಯ ಹೊಗೆಯಿಂದ ದೂರ ಕರೆದೊಯ್ದರು. ಚಳಿಗಾಲಕ್ಕೆ ದಕ್ಷಿಣ ಫ್ರಾನ್ಸಿನ ಸಮುದ್ರ ತೀರದ ಲ ಕನಡೆಲ್, ಉಳಿದ ಸಮಯಕ್ಕೆ ಇಂಗ್ಲೆಂಡಿನ ದಕ್ಷಿಣ ತೀರ. 1917ರಿಂದ ಸಸೆಕ್ಸಿನ ವೆಸ್ಟ್ ವಿಟರಿಂಗ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಈಥೆಲ್ ಆಬಿನ್ ಎಂಬ ದಾದಿ ಕೊನೆಯವರೆಗೂ ಅವರ ಆರೈಕೆ ಮಾಡಿದರು. ಕೆಲವೇ ತಿಂಗಳೆಂದು ವೈದ್ಯರು ಕೈಚೆಲ್ಲಿದ ರೋಗಿ ಹೀಗೆ ಇಪ್ಪತ್ತೊಂದು ವರ್ಷ ಬದುಕಿದರು. ಡರ್ಬಿಯ ಕಾರ್ಖಾನೆಗೂ ಅವರಿಗೂ ನಡುವೆ ಓಡಾಡುತ್ತಿದ್ದುದು ನಕ್ಷೆ ಮತ್ತು ಪತ್ರಗಳು. ಎಂಜಿನಿಯರುಗಳು ಅವರಿದ್ದಲ್ಲಿಗೇ ಬರುತ್ತಿದ್ದರು. ಪಕ್ಕದಲ್ಲೇ ನಕ್ಷೆಗಾರರ ಒಂದು ತಂಡ ಕೆಲಸ ಮಾಡುತ್ತಿತ್ತು.

ಆಕಾಶಕ್ಕೆ ಏರಿದ ಯಂತ್ರ

ಮೊದಲನೆಯ ಮಹಾಯುದ್ಧದ ಹೊತ್ತಿನಲ್ಲಿ ವಿಮಾನದ ಎಂಜಿನುಗಳ ಬೇಡಿಕೆ ಬಂತು. ಕಾರು ರಸ್ತೆಯಲ್ಲಿ ಕೆಟ್ಟರೆ ಇಳಿದು ದೂಡಬಹುದು. ವಿಮಾನ ಕೆಟ್ಟರೆ ಇಳಿಯುವುದಕ್ಕೆ ಎಡೆಯಿಲ್ಲ. ಯಂತ್ರ ಕೈಕೊಡಬಾರದು ಎಂಬ ರಾಯ್ಸರ ಹಟಕ್ಕೆ ನಿಜವಾದ ಅರ್ಥ ಬಂದದ್ದು ಇಲ್ಲಿ. 1915ರಲ್ಲಿ ಅವರ ಈಗಲ್ ಎಂಜಿನ್ ಸಿದ್ಧವಾಯಿತು. ಯುದ್ಧ ಮುಗಿದ ಮೇಲೆ 1919ರ ಜೂನಿನಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಂಬ ವೈಮಾನಿಕರು ಎಲ್ಲಿಯೂ ಇಳಿಯದೆ ಅಟ್ಲಾಂಟಿಕ್ ಸಾಗರವನ್ನು ಮೊದಲ ಬಾರಿಗೆ ದಾಟಿದಾಗ ಅವರ ವಿಮಾನದಲ್ಲಿದ್ದುದು ಎರಡು ಈಗಲ್ ಎಂಜಿನುಗಳು. ಅದೇ ವರ್ಷ ಸ್ಮಿತ್ ಸಹೋದರರು ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹಾರಿದ್ದೂ ಅವೇ ಎಂಜಿನುಗಳ ಬಲದಿಂದ. ಆ ಹಾರಾಟದಲ್ಲಿ ಅವರು ದೆಹಲಿ, ಅಲಹಾಬಾದ್, ಕಲ್ಕತ್ತೆಗಳಲ್ಲಿ ಇಳಿದಿದ್ದರು.

ಡರ್ಬಿಯಲ್ಲಿ 1923ರಲ್ಲಿ, ಬದುಕಿರುವಾಗಲೇ ರಾಯ್ಸರ ಪ್ರತಿಮೆ ನಿಲ್ಲಿಸಲಾಯಿತು. 1930ರಲ್ಲಿ ಬ್ಯಾರೊನೆಟ್ ಪದವಿ ಬಂದು ಅವರು ಸರ್ ಹೆನ್ರಿ ಆದರು. 1931ರಲ್ಲಿ ಅವರ ಆರ್ ಎಂಬ ಎಂಜಿನಿನ ವಿಮಾನ ಷ್ನೈಡರ್ ಪಾರಿತೋಷಕವನ್ನು ಗೆದ್ದು, ಗಂಟೆಗೆ 400 ಮೈಲಿಗಿಂತ ಹೆಚ್ಚಿನ ವೇಗ ಮುಟ್ಟಿ ದಾಖಲೆ ಸ್ಥಾಪಿಸಿತು. ಇಷ್ಟೆಲ್ಲ ಆದ ಮೇಲೂ ತಮ್ಮನ್ನು ತಾವು ಒಬ್ಬ ಮೆಕ್ಯಾನಿಕ್ ಎಂದು ಕರೆದುಕೊಳ್ಳುವುದರಲ್ಲೇ ಅವರಿಗೆ ಹೆಮ್ಮೆ.

1933ರ ಏಪ್ರಿಲ್ 22ರಂದು ವೆಸ್ಟ್ ವಿಟರಿಂಗ್‌ನ ಮನೆಯಲ್ಲಿ ರಾಯ್ಸರು ಕೊನೆಯುಸಿರೆಳೆದರು. ಎಪ್ಪತ್ತು ವರ್ಷ ಪ್ರಾಯ. ಮುಂದೆ ಅವರ ಚಿತಾಭಸ್ಮವನ್ನು ಹುಟ್ಟೂರು ಆಲ್ವಾಲ್ಟನ್ನಿನ ಚರ್ಚಿನಲ್ಲಿ ಇರಿಸಲಾಯಿತು. ಅವರ ಕಾಲದಲ್ಲಿ ಆರಂಭಗೊಂಡ ಇನ್ನೊಂದು ಎಂಜಿನ್ ಅವರು ತೀರಿಕೊಂಡ ವರ್ಷದ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ತಿರುಗಿತು. ಮೆರ್ಲಿನ್ ಎಂಬ ಹೆಸರಿನ ಆ ಎಂಜಿನ್ ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳನ್ನು ಹಾರಿಸಿತು.

ಕಂಪೆನಿಯೂ ಏಳುಬೀಳುಗಳನ್ನು ಕಂಡಿತು. 1971ರಲ್ಲಿ ದಿವಾಳಿಯಾಗಿ ಸರಕಾರದ ವಶವಾಯಿತು. 1973ರಲ್ಲಿ ಕಾರಿನ ವಿಭಾಗ ಬೇರೆಯಾಯಿತು. 2003ರಿಂದ ರೋಲ್ಸ್ ರಾಯ್ಸ್ ಕಾರುಗಳು ಜರ್ಮನಿಯ ಬಿ.ಎಂ.ಡಬ್ಲ್ಯು. ಒಡೆತನದಲ್ಲಿ ಗುಡ್‌ವುಡ್ ಎಂಬಲ್ಲಿ ತಯಾರಾಗುತ್ತಿವೆ. ಅದು ರಾಯ್ಸರು ಕಣ್ಮುಚ್ಚಿದ ಊರಿಗೆ ಹತ್ತಿರದಲ್ಲೇ ಇದೆ. ವಿಮಾನದ ಎಂಜಿನುಗಳ ಕಂಪೆನಿ ಡರ್ಬಿಯಲ್ಲಿ ಪ್ರತ್ಯೇಕವಾಗಿ ಮುಂದುವರಿದಿದೆ. ಅದು ಫ್ರಾನ್ಸಿನ ಕಂಪೆನಿಯೊಡನೆ ಕೂಡಿ ರೂಪಿಸಿದ ಅಡೂರ್ ಎಂಜಿನುಗಳನ್ನು ನಮ್ಮ ವಾಯುಪಡೆಯ ಜಾಗ್ವಾರ್ ವಿಮಾನಗಳಿಗಾಗಿ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲೂ ತಯಾರಿಸಿದ್ದಾರೆ. ಕನ್ನಡ ನಾಡಿನ ಕೈಗಳಿಗೂ ಕುಕ್ ಸ್ಟ್ರೀಟಿನ ಆ ಮೂಲೆಗೂ ಹೀಗೊಂದು ದೂರದ ನಂಟುಂಟು.

ಹುಡುಗ ವರ್ಕ್‌ಶಾಪಿಗೆ ಹೋಗುತ್ತಾನೆಂದರೆ ಓದು ತಲೆಗೆ ಹತ್ತಲಿಲ್ಲವೆಂದು ನಿಟ್ಟುಸಿರು ಬಿಡುವ ಮನೆಗಳು ನಮ್ಮ ನಡುವೆ ಇಂದಿಗೂ ಇವೆ. ಎಣ್ಣೆ ಮೆತ್ತಿದ ಕೈಯನ್ನು ಕಂಡು ಹೆಣ್ಣು ಕೊಡಲು ಹಿಂಜರಿಯುವವರೂ ಇದ್ದಾರೆ. ಕೈಕೆಲಸ ಬುದ್ಧಿಯಿಲ್ಲದವರ ಪಾಲಿನದೆಂಬ ಈ ಭ್ರಮೆಯನ್ನು ಹೆನ್ರಿ ರಾಯ್ಸರ ಬಾಳು ಸುಳ್ಳೆಂದು ತೋರಿಸಿದೆ. ಅವರ ಕೈಯೂ ತಲೆಯೂ ಬೇರೆ ಬೇರೆಯಾಗಿ ಕೆಲಸ ಮಾಡಿದ್ದೇ ಇಲ್ಲ. ಮನೆಯ ಮಗನೊಬ್ಬ ಕೆಟ್ಟ ಗಡಿಯಾರವನ್ನೋ ಪಂಪನ್ನೋ ಅಂಗಳದಲ್ಲಿ ಬಿಚ್ಚಿ ಹರಡಿಕೊಂಡು ಕುಳಿತಿದ್ದರೆ ಗದರಿಸುವ ಮೊದಲು ಸ್ವಲ್ಪ ಹೊತ್ತು ಕಾದು ನೋಡೋಣ. ಬಿಚ್ಚಿದ್ದನ್ನು ಮರಳಿ ಜೋಡಿಸಲು ಕಲಿಯಲಿ. ಊಟದ ಹೊತ್ತಿಗೆ ಮಾತ್ರ ಎಬ್ಬಿಸಿ ಕರೆಯುವುದನ್ನು ಮರೆಯಬಾರದು.